ಮೊಳಕಾಲ್ಮೂರು ಎದ್ದೈತಾ?

ಚಳ್ಳಕೆರೆಯ ಎಣ್ಣೆ ಗಿರಣಿಗಳು ಇನ್ನೂ ಬಾಗಿಲು ತೆರೆದಿಲ್ಲ. ಹಿಂದಿನ ದಿನದ ಶೇಂಗಾ ಹಿಂಡಿಯ ವಾಸನೆ ಮಾತ್ರ ಬೀದಿಯಲ್ಲಿ ಉಳಿದಿದೆ. ಬಳ್ಳಾರಿ ರಸ್ತೆಯ ಹಳೆಯ ಕಟ್ಟಡವೊಂದರ ಶಟರನ್ನು ಸೊಂಟದವರೆಗೆ ಎತ್ತಿ, ಸೆರಗು ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಒಳಗೆ ನುಗ್ಗುವ ಸರ್ವಮಂಗಳ ಮೊದಲು ದೀಪ ಹಾಕುವುದಿಲ್ಲ. ಮಬ್ಬಿನಲ್ಲೇ ನಿಂತು ಕಿವಿಗೊಡುತ್ತಾರೆ. ಮೂಲೆಯ ಗಾಜಿನ ಗೂಡಿನಿಂದ ಫ್ಯಾನಿನ ಸದ್ದು ಒಂದೇ ಸಮ ಬರುತ್ತಿದ್ದರೆ ಅವರಿಗೆ ಸಮಾಧಾನ. "ಸದ್ದು ಕೇಳಿದ್ರೆ ಅರ್ಧ ಕೆಲ್ಸ ಆದಂಗೆ. ಗೊರಗೊರ ಅಂದ್ರೆ ಧೂಳು ತುಂಬೈತೆ ಅಂತ, ಕುಯ್ ಅಂದ್ರೆ ಫ್ಯಾನ್ ಸಾಯಾಕೆ ಬಂದೈತೆ ಅಂತ. ಏನೂ ಅನ್ಲಿಲ್ಲ ಅಂದ್ರೆ ನನ್ ಹಣೆಬರಹ" ಎಂದು ನಗುತ್ತಾರೆ.

ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಕಪ್ಪು ಪರದೆಯ ಮೇಲೆ ಒಂದು ಸಾಲು ಬಡಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ನಾಲ್ಕು ಸಾಲು ಉತ್ತರ ಮೂಡುತ್ತದೆ. ಇದೇನು ಮಾಡಿದಿರಿ ಎಂದರೆ, "ಮೊಳಕಾಲ್ಮೂರು ಎದ್ದೈತಾ ಅಂತ ಕೇಳ್ದೆ. ಎದ್ದೈತಂತೆ" ಎನ್ನುತ್ತಾರೆ, ಪಕ್ಕದ ಮನೆಯವರ ವಿಷಯ ಹೇಳಿದಷ್ಟು ಸಹಜವಾಗಿ. ಆಗಷ್ಟೇ ದೀಪ ಹಾಕಿ, ಶಟರನ್ನು ಪೂರ್ತಿ ಎತ್ತಿ, ಎದುರಿನ ಗೂಡಂಗಡಿಗೆ ಚಹಾಕ್ಕೆ ಹೇಳಿ ಕಳಿಸುತ್ತಾರೆ.

ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಲ್ಲಿರುವ ಊರು ಎದ್ದಿದೆಯೋ ಇಲ್ಲವೋ ಎಂಬುದನ್ನು ಇಲ್ಲಿ ಕುಳಿತು ಕೇಳುವ ಅಗತ್ಯವೇನು? ಅದಕ್ಕೆ ವೇದಾವತಿ ಕೈಮಗ್ಗ ಸಹಕಾರ ಒಕ್ಕೂಟದ ಕಥೆ ಸ್ವಲ್ಪ ತಿಳಿಯಬೇಕು. ಚಳ್ಳಕೆರೆ ಸುತ್ತಿನ ಕಂಬಳಿ ನೇಕಾರರೂ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರೂ ಸೇರಿ ಕಟ್ಟಿಕೊಂಡ ಒಕ್ಕೂಟ ಇದು. ೨೦೦೩ರಲ್ಲಿ ಯಾವುದೋ ಯೋಜನೆಯಡಿ ಇವರಿಗೆ ದೊಡ್ಡ ದೊಡ್ಡ ಕಂಪನಿಗಳು ಬಳಸುವ ಸರ್ವರ್ ತಂತ್ರಾಂಶ ದೊರೆಯಿತು. ಎಲ್ಲರಿಗೂ ಒಂದೊಂದು ಇ-ಮೇಲ್ ಅಂಚೆಪೆಟ್ಟಿಗೆ, ಎಲ್ಲರಿಗೂ ಸೇರಿ ಒಂದು ಕ್ಯಾಲೆಂಡರು, ಸೀರೆಯ ಆರ್ಡರುಗಳನ್ನೂ ವಿನ್ಯಾಸಗಳನ್ನೂ ಇಡಲು ಎಲ್ಲರಿಗೂ ಬಾಗಿಲು ತೆರೆದ ಒಂದು ಬೀರು, ಎಲ್ಲ ಆ ಯಂತ್ರದೊಳಗೇ. ಅಂಥದ್ದೊಂದು ಯಂತ್ರ ಚಳ್ಳಕೆರೆಯಲ್ಲಿ, ಇನ್ನೊಂದು ಮೊಳಕಾಲ್ಮೂರಿನಲ್ಲಿ. ಅರ್ಧ ಗಂಟೆಗೊಮ್ಮೆ ಎರಡೂ ಟೆಲಿಫೋನ್ ತಂತಿಯ ಮೇಲೆ ಮಾತಾಡಿಕೊಂಡು, ಇಲ್ಲಿ ಬಂದದ್ದನ್ನು ಅಲ್ಲಿಗೂ ಅಲ್ಲಿ ಬದಲಾದದ್ದನ್ನು ಇಲ್ಲಿಗೂ ಸರಿಸಮ ಮಾಡಿಕೊಳ್ಳುತ್ತವೆ. "ಬ್ಯಾರೆ ಮನೆ ಮಾಡಿದ ವಾರಗಿತ್ತಿಯರು ಇದ್ದಂಗೆ. ಅರ್ಧ ಗಂಟೆಗೊಂದ್ಸಲ ಸುದ್ದಿ ಒಪ್ಪಿಸ್ಲಿಲ್ಲ ಅಂದ್ರೆ ಇಬ್ಬರಿಗೂ ಊಟ ಇಳಿಯಲ್ಲ" ಎಂಬುದು ಸರ್ವಮಂಗಳ ಕೊಡುವ ವಿವರಣೆ. ಇದು ಬರುವ ಮೊದಲು ಒಂದು ಆರ್ಡರು ಕೇಳಲಿಕ್ಕೆ, ಒಂದು ಅಂಚಿನ ಬಣ್ಣ ಖಾತ್ರಿ ಮಾಡಿಕೊಳ್ಳಲಿಕ್ಕೆ ನೇಕಾರರು ಮಗ್ಗದಿಂದೆದ್ದು ಚಳ್ಳಕೆರೆಗೇ ಬರಬೇಕಿತ್ತು. ಬಸ್ಸು ಹತ್ತಿದ ದಿನ ಮಗ್ಗ ಸುಮ್ಮನೆ ಕೂತಿರುತ್ತಿತ್ತು.

ಆನೆ ಕೊಟ್ಟವರು ಅಂಕುಶ ಕೊಡಲಿಲ್ಲ. ಕಂಪನಿಯವರು ಬಂದು ಯಂತ್ರ ಕೂರಿಸಿ, ಇಟ್ಟಿಗೆಯಷ್ಟು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೋದರು. ಇದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ಪತ್ರ ಟೈಪು ಮಾಡುತ್ತಿದ್ದ ಸರ್ವಮಂಗಳರ ಕಡೆಗೆ ಹೊರಳಿತು. ಕಾಗದಪತ್ರದಲ್ಲಿ ಅವರ ಹುದ್ದೆ ಇಂದಿಗೂ ಬೆರಳಚ್ಚುಗಾರ್ತಿ ಎಂದೇ ಇದೆ. ಯಾರೂ ಬದಲಾಯಿಸಿಲ್ಲ, ಅವರೂ ಕೇಳಿಲ್ಲ.

ಸರ್ವಮಂಗಳ ರಾಂಪುರದವರು. ತಂದೆ ಯರ್ರಪ್ಪ ಶೇಂಗಾ ಮಂಡಿಯಲ್ಲಿ ಚೀಲ ಹೊರುತ್ತಿದ್ದರು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಇಂಗ್ಲಿಷ್ ಎಂದರೆ ಗೊಬ್ಬರದ ಚೀಲದ ಮೇಲೆ ಇದ್ದಷ್ಟೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪಿಂಗು, ಆಮೇಲೆ ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿ ಆರು ತಿಂಗಳ ಕಂಪ್ಯೂಟರ್ ಕೋರ್ಸು. ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ಮಹಾಂತೇಶ ಎಣ್ಣೆ ಗಿರಣಿಯಲ್ಲಿ ಯಂತ್ರದ ಕೆಲಸ ಮಾಡುವವರು. ಆ ದಪ್ಪ ಪುಸ್ತಕವನ್ನು ಹೆಂಡತಿ ಮನೆಗೆ ಹೊತ್ತು ತಂದ ದಿನ, "ಇದನ್ನ ಓದಿ ಮುಗ್ಸೋದ್ರೊಳಗೆ ನಾವಿಬ್ರೂ ಮುದುಕರಾಗ್ತೀವಿ" ಎಂದರಂತೆ. ಆದರೂ ರಾತ್ರಿಯ ಅಡುಗೆಯನ್ನು ಅಂದಿನಿಂದ ಅವರೇ ವಹಿಸಿಕೊಂಡರು. "ಒಂದು ಪದಕ್ಕೆ ನಿಘಂಟಿನಾಗೆ ಅರ್ಥ ಹುಡುಕಿದ್ರೆ, ಆ ಅರ್ಥಕ್ಕೇ ಇನ್ನೊಂದು ಅರ್ಥ ಹುಡುಕ್ಬೇಕಿತ್ತು. ಬಳ್ಳಿ ಎಳೆದಂಗೆ ಬರ್ತಿತ್ತು. ಆದ್ರೆ ಒಂದ್ಸಲ ಎಳೆದ ಬಳ್ಳಿ ಮತ್ತೆ ಮರೀಲಿಲ್ಲ" ಎಂದು ಸರ್ವಮಂಗಳ ನೆನೆಯುತ್ತಾರೆ.

ಈಗ ನೂರಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳು ಅವರ ಸುಪರ್ದಿಯಲ್ಲಿವೆ. ದಿನಕ್ಕೆ ಕಡಿಮೆಯೆಂದರೂ ಹತ್ತಾರು ಫೋನು. ಪಾಸ್‌ವರ್ಡ್ ಮರೆತವರು, ಕಳಿಸಿದ ಪತ್ರ ತಲುಪಿಲ್ಲ ಎನ್ನುವವರು, ತಲುಪಿದ ಪತ್ರವನ್ನು ಅಳಿಸಿ ತಲುಪಿಲ್ಲ ಎಂದು ಸಾಧಿಸುವವರು. ಒಮ್ಮೆ ಒಬ್ಬ ಗುಮಾಸ್ತರು ಮಗಳ ಮದುವೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಎಲ್ಲರಿಗೂ ಕಳಿಸಿಬಿಟ್ಟರು. ಆ ಸಣ್ಣ ತಂತಿಯಲ್ಲಿ ಮದುವೆಯ ದಿಬ್ಬಣ ಸಿಕ್ಕಿಕೊಂಡು ಇಡೀ ದಿನ ಒಂದು ಆರ್ಡರೂ ದಾಟಲಿಲ್ಲ. ಇನ್ನೊಮ್ಮೆ ಯಾರದೋ ಕಂಪ್ಯೂಟರಿನ ಇಸವಿ ಹಿಂದೆ ಬಿದ್ದು, ಬರಲಿರುವ ಸಭೆ ಹೋದ ವರ್ಷವೇ ಮುಗಿದುಹೋಯಿತು ಎಂದು ಕ್ಯಾಲೆಂಡರು ತೋರಿಸಿತು. ಸಂಕಟ ಬಂದಾಗ ವೆಂಕಟರಮಣ ಎನ್ನುವಂತೆ, ಎಲ್ಲ ಸರಿಯಿದ್ದಾಗ ಸರ್ವಮಂಗಳ ಎಂಬುವರು ಆ ಗಾಜಿನ ಗೂಡಿನಲ್ಲಿದ್ದಾರೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ಅವರ ಕೆಲಸದ ರೀತಿಯಲ್ಲಿ ಒಂದು ವಿಶೇಷವಿದೆ. ದೂರು ಬಂದ ಕೂಡಲೇ ಕೀಲಿಮಣೆಗೆ ಕೈ ಹಾಕುವುದಿಲ್ಲ. ಕೈ ಕಟ್ಟಿ ಕೂತು, ಫೋನು ಮಾಡಿದವರನ್ನು ಮಾತಾಡಿಸುತ್ತಾರೆ. ಏನು ಮಾಡುತ್ತಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಊಟ ಆಗಿತ್ತೋ, ಕರೆಂಟು ಹೋಗಿ ಬಂತೋ? "ಯಂತ್ರ ತಾನಾಗೇ ಕೆಡೋದು ಕಮ್ಮಿ. ಅದರ ಸುತ್ತ ಏನೋ ಆಗಿರ್ತೈತೆ. ಅದನ್ನ ಮನುಷ್ಯರು ಹೇಳ್ಬೇಕು, ಯಂತ್ರ ಹೇಳಲ್ಲ" ಎಂಬುದು ಅವರು ಪುಸ್ತಕದಿಂದಲ್ಲ, ಅನುಭವದಿಂದ ಕಲಿತ ಪಾಠ. ಆ ಪಾಠ ಪೂರ್ತಿ ಕಲಿತದ್ದು ಕಳೆದ ವರ್ಷ, ಮೊಳಕಾಲ್ಮೂರಿನ ಯಂತ್ರ ಕೈಕೊಡತೊಡಗಿದಾಗ.

ಕೈಕೊಡುವುದೆಂದರೆ ಅದು ಪೂರ್ತಿ ಕೆಟ್ಟು ನಿಲ್ಲುತ್ತಿರಲಿಲ್ಲ, ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ತಿಂಗಳಿಗೊಮ್ಮೆ, ಯಾವಾಗಲೆಂದು ಹೇಳಲಾಗದ ಹಾಗೆ, ಒಂದು ದಿನ ಮಾತು ಬಿಡುವುದು. ಮರುದಿನ ತಾನೇ ಎದ್ದು, ಅರ್ಧ ದಿನ ತನ್ನ ಹಾಳೆಗಳನ್ನೆಲ್ಲ ತಾನೇ ಎಣಿಸಿಕೊಂಡು, ಆಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಇಳಿಯುವುದು. ಆದರೆ ಎದ್ದ ಮೇಲೆ ಕೆಲವು ಆರ್ಡರುಗಳು ಜೋಡಿಯಾಗಿ ಕಾಣುತ್ತಿದ್ದವು. ಹಳೆಯದೂ ಇರುವುದು, ತಿದ್ದಿದ್ದೂ ಇರುವುದು. ಯಾವುದು ಸರಿ ಎಂದು ತಿಳಿಯದ ಯಂತ್ರ ಎರಡನ್ನೂ ಉಳಿಸಿಕೊಂಡು, ಒಂದರ ಪಕ್ಕದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗುರುತು ಹಾಕಿ ಕೂತಿರುತ್ತಿತ್ತು.

ಚಿಕ್ಕೀರಪ್ಪ ಎಂಬವರ ಮಗ್ಗದ ಹಾಸು ಹಾಳಾದದ್ದೂ ಹೀಗೆಯೇ. ಚಿಕ್ಕೀರಪ್ಪ ಮೊಳಕಾಲ್ಮೂರಿನ ಹಿರಿಯ ನೇಕಾರರು, ಒಕ್ಕೂಟದ ನಿರ್ದೇಶಕರೂ ಹೌದು. ಅಂಗಡಿಯವರು ಅರಿಶಿನ ಬಣ್ಣದ ಸೀರೆ ಕೇಳಿ, ಎರಡು ದಿನ ಬಿಟ್ಟು ಅದನ್ನು ನವಿಲುಗತ್ತಿನ ಬಣ್ಣಕ್ಕೆ ಬದಲಾಯಿಸಿದ್ದರು. ಮೊಳಕಾಲ್ಮೂರಿನಲ್ಲಿ ಅಚ್ಚಾಗಿ ಬಂದದ್ದು ಹಳೆಯ ಆರ್ಡರು. ಅವರು ಅರಿಶಿನದ ರೇಷ್ಮೆಯನ್ನು ಮಗ್ಗಕ್ಕೆ ಹಾಸಾಗಿ ಏರಿಸಿಬಿಟ್ಟರು. ಹಾಸಿನ ಉದ್ದದ ಎಳೆಗಳನ್ನು ಒಮ್ಮೆ ಏರಿಸಿ ಗಂಟು ಹಾಕಿದ ಮೇಲೆ ಮುಗಿಯಿತು. ಬಿಚ್ಚಿದರೆ ರೇಷ್ಮೆ ಕೈಗೆ ಬರುವುದಿಲ್ಲ, ಬರುವುದು ಬರೀ ಸಿಕ್ಕು. ಮನೆಮಂದಿಯೆಲ್ಲ ಸೇರಿ ದಿನಗಟ್ಟಲೆ ಮಾಡಿದ ಕೆಲಸ ಅದು.

ಒಕ್ಕೂಟದ ವ್ಯವಸ್ಥಾಪಕ ಬೊಮ್ಮಲಿಂಗಪ್ಪನವರು ಕೆಟ್ಟವರಲ್ಲ, ಆದರೆ ಗದರಿದರೆ ಮಾತ್ರ ಕೆಲಸ ಆಗುತ್ತದೆಂದು ನಂಬಿದವರು. ಅವರು ಕಡ್ಡಿ ಮುರಿದಂತೆ ಹೇಳಿದರು: "ನೋಡಮ್ಮ, ಇನ್ನೊಂದ್ಸಲ ಹಿಂಗಾದ್ರೆ ಮೊಳಕಾಲ್ಮೂರಿನ ಯಂತ್ರ ಎತ್ತಿಸಿಬಿಡ್ತೀನಿ. ಮೊದ್ಲಿನಂಗೆ ಎಲ್ರೂ ಬಸ್ ಹತ್ತಿ ಬರ್ಲಿ." ಆ ಯಂತ್ರ ಮೊಳಕಾಲ್ಮೂರಿಗೆ ಬೇಕೇ ಬೇಕು ಎಂದು ಹಟ ಹಿಡಿದಿದ್ದವರು ಇದೇ ಸರ್ವಮಂಗಳ. ಚೀಲ ಹೊತ್ತ ತಂದೆಯ ಮಗಳಿಗೆ ಒಂದು ದಿನದ ಕೂಲಿ ತಪ್ಪುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಡುಕಾಟ ಶುರುವಾಯಿತು. ಮೊದಲು ಟೆಲಿಫೋನ್ ತಂತಿಯ ಮೇಲೆ ಅನುಮಾನ. ತಂತಿ ಬದಲಾಯಿತು. ಆಮೇಲೆ ಕರೆಂಟು ಹೋದಾಗ ಯಂತ್ರಕ್ಕೆ ಉಸಿರು ಕೊಡುವ ಯುಪಿಎಸ್ ಮೇಲೆ. ಅದರ ಬ್ಯಾಟರಿ ಬದಲಾಯಿತು. ಆಮೇಲೆ ವೈರಸ್, ಬಿಸಿಲಿನ ಝಳ, ಕೊನೆಗೆ ಹಿಂಬದಿಯಲ್ಲಿ ಸಂಸಾರ ಹೂಡಿದ್ದ ಹಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಹಾಗೆ ಎಲ್ಲದಕ್ಕೂ ಬರೆ ಬಿತ್ತು, ಜ್ವರ ಮಾತ್ರ ಬಿಡಲಿಲ್ಲ. "ದಿನಾಂಕ ನೋಡಿದ್ರೆ ಒಂದ್ಸಲ ತಿಂಗಳ ಮೊದ್ಲು, ಒಂದ್ಸಲ ಕೊನೆ. ಸೋಮವಾರನೂ ಆಗೈತೆ, ಶುಕ್ರವಾರನೂ ಆಗೈತೆ. ಭಾನುವಾರ ಆಗಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ನಂಗೆ ತಲೆ ಕೆಟ್ಟು ಹೋಗಿತ್ತು" ಎನ್ನುತ್ತಾರೆ ಸರ್ವಮಂಗಳ. ಮೊಳಕಾಲ್ಮೂರಿನ ಗುಮಾಸ್ತ ಜಂಪಣ್ಣನನ್ನು ಮರುದಿನ ಕೇಳಿದರೆ, "ನಾನು ಬರೋವಾಗ್ಲೇ ಓಡ್ತಾ ಇತ್ತಲ್ರಿ, ಲೈನ್ ಹೋಗಿತ್ತೇನೋ" ಎಂಬ ಒಂದೇ ಉತ್ತರ. ಆ ಕಡೆ ಲೈನ್ ಹೋಗುವುದು ಯಾರಿಗೂ ಸುದ್ದಿಯಲ್ಲ.

ಕಂಪನಿಯ ಸಹಾಯವಾಣಿಯಲ್ಲಿ ಒಬ್ಬ ಎಂಜಿನಿಯರು ಫೋನಿನಲ್ಲೇ ಸಿಗುತ್ತಿದ್ದರು. ಬಹಳ ತಾಳ್ಮೆಯ ಮನುಷ್ಯ. ಮಡಿಕೇರಿ ಕಡೆಯವರಂತೆ, ಮುಖ ನೋಡಿಲ್ಲ. ಯಂತ್ರ ಹಠಾತ್ತನೆ ಆರುತ್ತಿದೆ ಎಂಬುದನ್ನು ಖಚಿತಪಡಿಸಿದವರು ಅವರೇ. ಸರ್ವರ್ ಹೊಸ ಬದಲಾವಣೆಗಳನ್ನು ಮೊದಲು ನೆನಪಿನಲ್ಲಿಟ್ಟುಕೊಂಡು, ಆಮೇಲೆ ಸಾವಕಾಶವಾಗಿ ಬರೆದಿಡುತ್ತದೆ. ಬರೆಯುವ ಮೊದಲೇ ಆರಿದರೆ ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ, ಆಗಲೇ ಈ ಜೋಡಿ ಆರ್ಡರುಗಳ ಕಾಟ ಎಂದು ಬಿಡಿಸಿ ಹೇಳಿದರು. ಏಕೆ ಆರುತ್ತಿದೆ ಎಂಬುದು ಮಾತ್ರ ಅವರಿಗೂ ತಿಳಿಯಲಿಲ್ಲ. ಅವರು ಇನ್ನೊಂದು ಮಾತನ್ನೂ ಪದೇ ಪದೇ ಹೇಳುತ್ತಿದ್ದರು. ತಿಂಗಳಿಗೊಂದು ದಿನ ಯಂತ್ರವನ್ನು ಸರಿಯಾಗಿ ನಿಲ್ಲಿಸಿ, ತಪಾಸಣೆ ಮಾಡಿ, ನಕಲು ತೆಗೆದಿಟ್ಟುಕೊಳ್ಳಿ ಎಂದು. ಸರ್ವಮಂಗಳ ಆ ಕೋರಿಕೆಯನ್ನು ಬೊಮ್ಮಲಿಂಗಪ್ಪನವರ ಮುಂದಿಟ್ಟಾಗ, "ಅಂಚೆ ನಿಲ್ಲಿಸಾಕೆ ಒಂದು ದಿನ ಬೇಕಂತಾ? ಅದು ಈಗಾಗ್ಲೇ ನಿಲ್ತಾ ಐತಲ್ಲ!" ಎಂದು ರೇಗಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಕಾರ್ತಿಕದ ಚಳಿಯಲ್ಲಿ ಒಂದು ಬೆಳಗ್ಗೆ ಸರ್ವಮಂಗಳ ಎಂದಿನಂತೆ ಮೊಳಕಾಲ್ಮೂರು ಎದ್ದಿದೆಯೇ ಎಂದು ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರು, ಇಲ್ಲ. ಬೇರೆ ದಿನವಾದರೆ ಜಂಪಣ್ಣ ಕಚೇರಿಗೆ ಬರುವವರೆಗೆ ಕಾದು ಫೋನು ಮಾಡಿ, ಯಾರೂ ಎತ್ತದಿದ್ದರೆ ಲೈನ್ ಹೋಗಿದೆ ಎಂದುಕೊಂಡು ಮರುದಿನಕ್ಕೆ ಬಿಡುತ್ತಿದ್ದರು. ಆ ದಿನ ಏನನ್ನಿಸಿತೋ, ಶಟರು ಎಳೆದು ಬೀಗ ಜಡಿದು ಸೀದಾ ಬಸ್ ನಿಲ್ದಾಣಕ್ಕೆ ನಡೆದರು. ತಳಕು ದಾಟಿತು, ಹಾನಗಲ್ಲಿನಲ್ಲಿ ಬಸ್ಸು ಹೊರಳಿತು, ಬಂಡೆಗುಡ್ಡಗಳು ಹತ್ತಿರವಾದವು. ದಾರಿಯುದ್ದಕ್ಕೂ ಲೈನ್‌ಮನ್‌ಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರಂತೆ.

ಮೊಳಕಾಲ್ಮೂರಿನ ನೇಕಾರರ ಬೀದಿಗೆ ಕಾಲಿಟ್ಟವರು ತಟ್ಟನೆ ನಿಂತರು. ಏನೋ ಸರಿಯಿಲ್ಲ. ಕರೆಂಟು ಇತ್ತು, ಮನೆಗಳ ಬಾಗಿಲು ತೆರೆದಿತ್ತು, ಜನ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಆದರೆ ಸದ್ದಿಲ್ಲ. ಯಾವಾಗ ಬಂದರೂ ಲಟಕ್ ಪಟಕ್ ಎಂದು ಎರಡೂ ಕಡೆಯಿಂದ ಕಿವಿ ತುಂಬುವ ಮಗ್ಗಗಳ ಸದ್ದು ಒಂದು ಮನೆಯಿಂದಲೂ ಬರುತ್ತಿಲ್ಲ. "ಯಾರೋ ಹೋಗ್ಬಿಟ್ಟವ್ರೆ, ಅದಕ್ಕೇ ಬೀದಿ ಸುಮ್ನೈತೆ ಅಂದ್ಕೊಂಡೆ" ಎಂದು ಸರ್ವಮಂಗಳ ಹೇಳುತ್ತಾರೆ. ಜಗಲಿಯ ಮೇಲಿದ್ದ ಮುದುಕಿಯೊಬ್ಬಳನ್ನು ಕೇಳಿದರು. ಅವಳು ಇವರನ್ನು ಮೇಲಿಂದ ಕೆಳಗೆ ನೋಡಿ, "ಏಮಮ್ಮಾ, ಅಮಾಸೆ ದಿನ ಯಾರಾನ ಮಗ್ಗಕ್ಕೆ ಇಳೀತಾರಾ?" ಎಂದಳು.

ಅಮಾವಾಸ್ಯೆ! ಮಗ್ಗಕ್ಕೆ ಅಂದು ಬಿಡುವು. ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಲಾಳಿಯನ್ನು ಮಲಗಿಸಿ ಕೈ ಮುಗಿದರೆ ಮರುದಿನದವರೆಗೂ ಯಾರೂ ಮುಟ್ಟುವುದಿಲ್ಲ. ನೇಕಾರರೇ ಬಾರದ ಮೇಲೆ ಅಲ್ಲಿನ ಶಾಖೆಯೂ ಅಂದು ತೆರೆಯುವುದಿಲ್ಲ. ಇದು ಮೊಳಕಾಲ್ಮೂರಿನಲ್ಲಿ ಯಾರಿಗೂ ಹೇಳಬೇಕಾದ ಮಾತಲ್ಲ, ಚಳ್ಳಕೆರೆಯವರಿಗೆ ಯಾರೂ ಹೇಳಿದ ಮಾತೂ ಅಲ್ಲ. ನಡುಬೀದಿಯಲ್ಲಿ ನಿಂತ ಸರ್ವಮಂಗಳ ಯಂತ್ರ ಕೈಕೊಟ್ಟ ದಿನಗಳನ್ನು ಒಂದೊಂದಾಗಿ ನೆನೆದರು. ದೀಪಾವಳಿ, ಮಹಾಲಯ, ಅದರ ಹಿಂದಿನದು. ಲೆಕ್ಕ ಕೂಡಿಬಂತು. ಕಾಲಿಗೆ ಚಕ್ರ ಬಂದಂತೆ ಶಾಖೆಯತ್ತ ನಡೆದರು.

ಶಾಖೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಸ ಗುಡಿಸಿ ಮುಗಿಸಿದ ಪಾಲಮ್ಮ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಬೆಳಗ್ಗೆ ಬೀಗ ತೆಗೆಯುವುದು, ಗುಡಿಸುವುದು, ನೀರು ತುಂಬಿಸುವುದು, ಸಭೆಯಿದ್ದರೆ ಚಹಾ ಕೊಡುವುದು ಪಾಲಮ್ಮನ ಕೆಲಸ. ವಯಸ್ಸು ಐವತ್ತರ ಮೇಲೆ. ಮೂಲೆಯಲ್ಲಿ ಸರ್ವರ್ ಸದ್ದಿಲ್ಲದೆ ಕೂತಿತ್ತು. ಅದರ ಹಣೆಗೆ ವಿಭೂತಿ, ಕುಂಕುಮ. ನೆತ್ತಿಯ ಮೇಲೆ ಒಂದು ಕಣಗಿಲೆ ಹೂವು. ಎದುರಿಗೆ ಉರಿದು ಮುಗಿಯುತ್ತಿದ್ದ ಊದುಬತ್ತಿ.

"ಕರೆಂಟ್ ಹೋಗಿತ್ತಾ ಪಾಲಮ್ಮ?"

"ಇಲ್ಲ ಕಣವ್ವ. ನಾನೇ ಆರಿಸೀನಿ. ಅಮಾಸೆ ಅಲ್ವಾ?" ಎಂದರು ಪಾಲಮ್ಮ, ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಅಚ್ಚರಿಯಲ್ಲಿ. "ಪಾಪ, ಹಗಲೂ ರಾತ್ರಿ ಬುಸುಬುಸು ಅಂತೈತೆ. ಮಗ್ಗಕ್ಕೆ ಬಿಡುವೈತೆ, ಎತ್ತಿಗೆ ಬಿಡುವೈತೆ, ಇದಕ್ಕೂ ಒಂದಿನ ಬ್ಯಾಡ್ವಾ? ಆ ಕರೆಂಟಿನ ಕೆಂಪು ಗುಂಡಿ ಒತ್ತಿದ್ರೆ ಮಲಗ್ತೈತೆ. ಮಾರನೆ ದಿನ ಜಂಪಣ್ಣ ಬರೋದ್ರೊಳಗೆ ಎಬ್ಬಿಸ್ತೀನಿ."

ಸರ್ವಮಂಗಳ ಅಲ್ಲೇ ನೆಲದ ಮೇಲೆ ಕೂತರು. ಮೊದಲು ಸಿಟ್ಟು ಬಂತಂತೆ, ಆಮೇಲೆ ತಡೆಯಲಾಗದ ನಗು. ತಂತಿ, ಬ್ಯಾಟರಿ, ಹಲ್ಲಿ ಎಲ್ಲ ಕಣ್ಮುಂದೆ ಬಂದವು. ಪಾಲಮ್ಮ ಏನೂ ಅರ್ಥವಾಗದೆ ತಾವೂ ನಕ್ಕರು. ನಗು ಇಳಿದ ಮೇಲೆ, ಪೂಜೆ ಏಕೆ ಎಂದು ಸರ್ವಮಂಗಳ ಕೇಳಿದ್ದಕ್ಕೆ ಪಾಲಮ್ಮ ಹೇಳಿದರು: "ಯಜಮಾನ್ರು ಹೋದ ಮ್ಯಾಲೆ ಮಗ್ಗ ಬಿಚ್ಚಿ ಕೊಟ್ಬಿಟ್ವಿ. ಕಾಲು ಇಳಿಬಿಟ್ಟು ನೇಯ್ತಿದ್ದ ಮಗ್ಗದ ಗುಂಡಿನೂ ಮುಚ್ಚೈತೆ. ಅಮಾಸೆ ಬಂದ್ರೆ ಕೈ ಮುಗಿಯಾಕೆ ಮನ್ಯಾಗೆ ಏನೂ ಇಲ್ಲ. ಇದಾದ್ರೂ ಐತಲ್ಲ."

ರೋಗ ಸಿಕ್ಕಿತು, ಆದರೆ ಮದ್ದು ಇನ್ನೂ ಕಹಿಯಾಯಿತು. ಆ ವಾರವೇ ಮೊಳಕಾಲ್ಮೂರಿನಲ್ಲಿ ಆಡಳಿತ ಮಂಡಳಿಯ ಸಭೆ. ಕಾರಣ ಗೊತ್ತಿಲ್ಲ ಎಂದರೆ ಯಂತ್ರ ಹೋಗುತ್ತದೆ. ಗೊತ್ತು ಎಂದರೆ ಪಾಲಮ್ಮ ಹೋಗುತ್ತಾರೆ. ಯುಪಿಎಸ್ ಮೇಲೆ ಇನ್ನೊಮ್ಮೆ ಗೂಬೆ ಕೂರಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು ಎಂಬುದನ್ನು ಸರ್ವಮಂಗಳ ಮುಚ್ಚಿಡುವುದಿಲ್ಲ. "ಪಾಪ, ಬ್ಯಾಟರಿಗೆ ಬಾಯಿಲ್ವಲ್ಲ. ಆದ್ರೆ ಸುಳ್ಳು ಹೇಳಿದ್ರೆ ಮುಂದಿನ್ ಅಮಾಸೆಗೆ ಇನ್ಯಾರದೋ ಹಾಸು ಹೋಗ್ತೈತೆ. ಅದನ್ನ ಹೆಂಗೆ ತಡಕಳ್ಳಿ?" ಆ ಯೋಚನೆಯಲ್ಲೇ ಅವರಿಗೆ ಇನ್ನೊಂದು ಹೊಳೆಯಿತು. ಫೋನಿನಲ್ಲಿದ್ದ ಎಂಜಿನಿಯರು ಇಷ್ಟು ದಿನ ಕೇಳುತ್ತಿದ್ದದ್ದೂ ತಿಂಗಳಿಗೊಂದು ದಿನದ ಬಿಡುವನ್ನೇ, ಪಾಲಮ್ಮ ಕೊಡುತ್ತಿದ್ದದ್ದೂ ಅದನ್ನೇ.

ಸಭೆಯಲ್ಲಿ ಬೊಮ್ಮಲಿಂಗಪ್ಪನವರು ಮೊದಲ ಮಾತಿಗೇ, "ಕಾರಣ ಸಿಕ್ತಂತಲ್ಲ, ಯಾರು?" ಎಂದರು. ಸರ್ವಮಂಗಳ ಎದ್ದು ನಿಂತರು. "ಆರಿಸಿದ್ದು ಪಾಲಮ್ಮ, ಸಾರ್. ಹೆಂಗೆ ಆರಿಸ್ಬೇಕು ಅಂತ ಅವ್ರಿಗೆ ಯಾರೂ ತೋರಿಸಿಲ್ಲ. ಆರಿಸಿದ್ದು ತಪ್ಪಲ್ಲ, ಆರಿಸಿದ ರೀತಿ ತಪ್ಪು" ಎಂದರು. ಬೊಮ್ಮಲಿಂಗಪ್ಪನವರ ಕಿವಿಗೆ ಮೊದಲ ಮಾತಷ್ಟೇ ಬಿದ್ದಿತ್ತು. "ನಾಳೆಯಿಂದ ಬರೋದು ಬ್ಯಾಡ ಅಂತ ಹೇಳ್ರಿ ಆಯಮ್ಮಂಗೆ. ಬೀಗದ ಕೈ ಇಸ್ಕಳ್ರಿ" ಎಂದುಬಿಟ್ಟರು.

ಆಯಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೊಂಟದಿಂದ ಬೀಗದ ಕೈ ತೆಗೆದು ಅದರ ಪಕ್ಕದಲ್ಲಿಟ್ಟರು. ಆಮೇಲೆ ಕೇಳಿದರು: "ಕೊಡ್ತೀನಿ ತಗಳ್ರಿ ಸ್ವಾಮಿ. ಆದ್ರೆ ಇಲ್ಲಿ ಕುಂತೋರೆಲ್ಲ ನೇಕಾರ್ರೇ. ಅಮಾಸೆ ದಿನ ನಿಮ್ ಮಗ್ಗ ಓಡ್ಸಿ ಅಂದ್ರೆ ಓಡಿಸ್ತೀರಾ? ಒಬ್ರು ಹೇಳ್ರಿ."

ಎಲ್ಲರೂ ಚಿಕ್ಕೀರಪ್ಪನವರನ್ನು ನೋಡಿದರು, ಹಾಳಾಗಿದ್ದು ಅವರ ಹಾಸು. ಆ ಹಿರಿಯರು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡರು. "ನನ್ ಹಾಸು ಹೋತು, ಅದು ಖರೆ. ಹೊಟ್ಟೆ ಉರೀತೈತೆ, ಅದೂ ಖರೆ. ಆದ್ರೆ ಅಮಾಸೆ ದಿನ ನನ್ ಮಗ್ಗನೂ ನಾನು ಓಡ್ಸಲ್ಲ" ಎಂದು ಸರ್ವಮಂಗಳರ ಕಡೆ ತಿರುಗಿದರು. "ಏನಮ್ಮ, ಕೆಡದಂಗೆ ಇದನ್ನ ಒಂದಿನ ಮಲಗ್ಸಾಕೆ ಬರ್ತೈತಾ?"

"ಬರ್ತೈತೆ ಸ್ವಾಮಿ. ಮಲಗಿಸ್ಲೇಬೇಕು ಅದನ್ನ."

"ಹಂಗಾದ್ರೆ ಇನ್ನೇನು? ಬೀಗದ ಕೈ ತಗಳ್ಳಮ್ಮ ಪಾಲಮ್ಮ. ಚಹಾ ಆರ್ತೈತೆ" ಎಂದರು ಚಿಕ್ಕೀರಪ್ಪ. ಬೊಮ್ಮಲಿಂಗಪ್ಪನವರು ಕೊನೆಗೆ ತಾವೂ ಒಂದು ಲೋಟ ಎತ್ತಿಕೊಂಡರು. ಪ್ರತಿ ಅಮಾವಾಸ್ಯೆ ಎರಡೂ ಊರಿನ ಸರ್ವರ್‌ಗೆ ತಪಾಸಣೆಯ ದಿನ ಎಂಬುದು ಅಂದಿನಿಂದ ಒಕ್ಕೂಟದ ನಿಯಮ. ನಿಮ್ಮಲ್ಲಿ ತಿಂಗಳ ಎಷ್ಟನೇ ತಾರೀಖು ನಿಲ್ಲಿಸುತ್ತೀರಿ ಎಂದು ಸಹಾಯವಾಣಿಯ ಎಂಜಿನಿಯರು ಕೇಳಿದಾಗ ಸರ್ವಮಂಗಳ, "ತಾರೀಖು ನಮ್ ಕೈಯಾಗಿಲ್ಲ ಸಾರ್, ಚಂದ್ರನ್ ಕೈಯಾಗೈತೆ" ಎಂದರಂತೆ. ಆ ಕಡೆ ಮನಸಾರೆ ನಕ್ಕು, ಹಾಗಾದರೆ ವರ್ಷದ ಪಂಚಾಂಗ ಕಳಿಸಿಕೊಡಿ ಎಂದರಂತೆ ಅವರು.

ಜೋಡಿ ಆರ್ಡರುಗಳು ಅಂದಿನಿಂದ ಕಾಣಿಸಿಕೊಂಡಿಲ್ಲ. ಆದರೆ ಇದರಲ್ಲಿ ಒಂದು ತಮಾಷೆ ಉಳಿದಿದೆ. ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು, ಯಂತ್ರಕ್ಕೂ ಬಿಡುವು, ಮಹಾಂತೇಶರ ಗಿರಣಿಗೂ ಪೂಜೆಯ ಬಿಡುವು. ಬಿಡುವಿಲ್ಲದವರು ಸರ್ವಮಂಗಳ ಒಬ್ಬರೇ. ಚಳ್ಳಕೆರೆಯ ಯಂತ್ರದ ತಪಾಸಣೆಯನ್ನು ಹಿಂದಿನ ಸಂಜೆಯೇ ಮುಗಿಸಿ, ಅಮಾವಾಸ್ಯೆಯ ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಡುತ್ತಾರೆ.

ಇವತ್ತೂ ಅಮಾವಾಸ್ಯೆ. ಶಾಖೆಯಲ್ಲಿ ಸರ್ವಮಂಗಳ ಗೋಡೆಗೆ ಒರಗಿ ಕೈ ಕಟ್ಟಿ ಕೂತಿದ್ದಾರೆ. ಯಂತ್ರದ ಮುಂದೆ ಕುಳಿತವರು ಪಾಲಮ್ಮ. ಪರದೆಯ ಅಕ್ಷರಗಳು ಅವರಿಗೆ ಓದಲು ಬರುವುದಿಲ್ಲ, ಆದರೆ ಕೆಲಸದ ಸರದಿ ಬಾಯಿಪಾಠವಾಗಿದೆ. ಮೊದಲು ಅಂಚೆ ನಿಲ್ಲಿಸುವುದು, ಆಮೇಲೆ ತಪಾಸಣೆ, ಆಮೇಲೆ ಹೊಸ ಟೇಪು ಹಾಕಿ ನಕಲು, ಕೊನೆಗೆ ಮಲಗಿಸುವುದು. ಒಂದೊಂದಕ್ಕೂ ಒಂದೊಂದು ಬಣ್ಣದ ಚಿತ್ರವನ್ನು ಸರ್ವಮಂಗಳ ಪರದೆಯ ಮೇಲೆ ಕೂರಿಸಿಕೊಟ್ಟಿದ್ದಾರೆ. ಪಾಲಮ್ಮ ಒಂದನ್ನು ಒತ್ತಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹಾಲು ಉಕ್ಕುವುದನ್ನು ಕಾಯುವವರಂತೆ ಪರದೆಯನ್ನೇ ನೋಡುತ್ತಾರೆ. ಆತುರವಿಲ್ಲ. ಫ್ಯಾನು ನಿಂತು ಕೋಣೆ ನಿಶ್ಶಬ್ದವಾದ ಮೇಲೆಯೇ ಕೆಂಪು ಗುಂಡಿ, ಅದಾದ ಮೇಲೆ ವಿಭೂತಿ, ಕುಂಕುಮ, ಹೂವು.

ಇಷ್ಟೆಲ್ಲ ಮಾಡಿದ ನಿಮಗೆ ಏನಾಗಬೇಕೆಂಬ ಆಸೆಯಿದೆ ಎಂದು ಕೇಳಿದರೆ ಸರ್ವಮಂಗಳ ನಾಚಿಕೊಳ್ಳುತ್ತಾರೆ. "ಹುದ್ದೆ ಗಿದ್ದೆ ಹೆಂಗಾರ ಇರ್ಲಿ ಬಿಡ್ರಿ. ಒಂದು ಅಮಾಸೆ ಮನ್ಯಾಗಿದ್ದು, ಎಲ್ರ ಜೊತೆ ಕುಂತು ಊಟ ಮಾಡಿ, ಮಧ್ಯಾಹ್ನ ಕಣ್ತುಂಬಾ ಮಲಗ್ಬೇಕು. ಅಷ್ಟೇ."

ಕೈಗೆ ಹತ್ತಿದ ಕುಂಕುಮ ಒರೆಸಿಕೊಳ್ಳುತ್ತಿದ್ದ ಪಾಲಮ್ಮ ಇತ್ತ ತಿರುಗುತ್ತಾರೆ. "ಮುಂದಿನ್ ಅಮಾಸೆಗೆ ನೀನು ಬರಬ್ಯಾಡ ಕಣವ್ವ. ನಾನು ಮಾಡ್ತೀನಿ. ನೀನು ಮಲಕ್ಕೋ."

ಈ ಯಂತ್ರಗಳನ್ನು ಕೈಗೆತ್ತಿಕೊಂಡ ಮೇಲೆ, ಬರಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ಸರ್ವಮಂಗಳರಿಗೆ ಹೇಳಿದವರು ಯಾರೂ ಇರಲಿಲ್ಲ. ಕಣ್ಣು ಒರೆಸಿಕೊಂಡು, "ಟೇಪು ಬದಲಾಯಿಸೋದು ಮರೀತೀರೇನೋ" ಎಂದಷ್ಟೇ ಅನ್ನುತ್ತಾರೆ.

"ಮರೆಯಾಕೆ ಆಗ್ತೈತಾ?" ಎನ್ನುತ್ತಾರೆ ಪಾಲಮ್ಮ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಈಗ ಅದು ನನ್ ಕೆಲ್ಸ."